ಕಾರಿನ ಆರೋಗ್ಯ ಮತ್ತು ಮಾಲೀಕನ ಹೊಣೆ

ಮಹಾನವಮಿಯ ದಿನ ಪುಣೆಯ ಕನ್ನಡಿಗರ ಮನೆಗಳ ಮುಂದೆ ಕಾರು ಮಿಂದು ಮಡಿಯಾಗಿ ನಿಂತಿರುತ್ತದೆ. ಬಾನೆಟ್ಟಿಗೆ ಅರಿಸಿನ ಕುಂಕುಮ, ಮುಂಭಾಗಕ್ಕೆ ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಮರಾಠಿ ನೆರೆಹೊರೆಯವರು ಖಂಡೇನವಮಿ ಎಂದು ಕರೆಯುವ ಈ ಆಯುಧಪೂಜೆ ಅರ್ಥವತ್ತಾದ ಆಚರಣೆಯೇ ಸರಿ. ಆದರೆ ಭಕ್ತಿಯಿಂದ ಪೂಜಿಸಿದ ಗಾಲಿಯಲ್ಲಿ ಗಾಳಿ ಎಷ್ಟಿದೆ, ಕುಂಕುಮ ಹಚ್ಚಿದ ಬಾನೆಟ್ಟಿನ ಕೆಳಗೆ ಆಯಿಲ್‌ನ ಮಟ್ಟ ಎಲ್ಲಿಗೆ ಇಳಿದಿದೆ ಎಂದು ಕೇಳಿದರೆ ಬಹುಮಂದಿ ಮಾಲೀಕರು ನಿರುತ್ತರರಾಗುತ್ತಾರೆ.

ಪುಣೆಯಂತಹ ಊರಿನಲ್ಲಿ ಇದು ಸೋಜಿಗದ ಸಂಗತಿ. ಆಕುರ್ಡಿಯ ಬಜಾಜ್, ಪಿಂಪರಿಯ ಟಾಟಾ ಕಾರ್ಖಾನೆಗಳು ಈ ನಗರಕ್ಕೆ ವಾಹನಗಳ ಊರೆಂಬ ಹೆಸರು ತಂದಿವೆ. ವಾಹನಗಳನ್ನು ಪರೀಕ್ಷಿಸುವ ಎಆರ್‌ಎಐ ಸಂಸ್ಥೆ 1966ರಲ್ಲಿ ಸ್ಥಾಪನೆಯಾಗಿ ಕೋಥರೂಡಿನ ಗುಡ್ಡದ ಮೇಲೆ ನೆಲೆಸಿದೆ. ಟೆಲ್ಕೋ ಸಂಸ್ಥೆಯ ಮೊದಲ ಮಹಿಳಾ ಇಂಜಿನಿಯರ್ ಆಗಿ 1970ರ ದಶಕದಲ್ಲಿ ಸುಧಾ ಕುಲಕರ್ಣಿಯವರು, ಅಂದರೆ ಇಂದಿನ ಸುಧಾ ಮೂರ್ತಿಯವರು, ಕೆಲಸಕ್ಕೆ ಸೇರಿದ್ದೂ ಪುಣೆಯಲ್ಲಿಯೇ. ಅನ್ನವನ್ನರಸಿ ಬಂದ ಎಷ್ಟೋ ಕನ್ನಡ ಕುಟುಂಬಗಳಿಗೆ ಈ ಕಾರ್ಖಾನೆಗಳು ಆಶ್ರಯ ನೀಡಿವೆ.

ಅಂಬಾಸಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಮಾಲೀಕನಿಗೆ ಪ್ಲಗ್ಗು ತೆಗೆದು ಉಜ್ಜುವುದು, ಕಾರ್ಬ್ಯುರೇಟರಿನ ಕಸ ಊದುವುದು ಅನಿವಾರ್ಯವಾಗಿ ಬರುತ್ತಿತ್ತು. ಇಂದಿನ ಕಾರುಗಳಲ್ಲಿ ಆ ಕೆಲಸವನ್ನು ವಿದ್ಯುನ್ಮಾನ ಯಂತ್ರಾಂಶಗಳು ವಹಿಸಿಕೊಂಡಿವೆ. ಇದರಿಂದಾಗಿ ಕಾರು ತನ್ನನ್ನು ತಾನೇ ನೋಡಿಕೊಳ್ಳುತ್ತದೆ ಎಂಬ ತಪ್ಪು ತಿಳಿವಳಿಕೆ ಬೆಳೆದಿದೆ. ಟೈರು, ಬ್ರೇಕು, ಆಯಿಲ್, ನೀರು, ಬ್ಯಾಟರಿ ಈ ಐದು ಸಂಗತಿಗಳು ಅಂದಿನಂತೆ ಇಂದೂ ಮಾಲೀಕನ ಕಣ್ಣಿನ ಕಾವಲನ್ನೇ ನೆಚ್ಚಿಕೊಂಡಿವೆ. ದುರಸ್ತಿ ಮೆಕ್ಯಾನಿಕನ ಕೆಲಸ. ನಿಗಾ ಮಾಲೀಕನ ಕೆಲಸ. ದೇಹದ ವಿಷಯದಲ್ಲಿ ವೈದ್ಯರಿಗೂ ಮನೆಯವರಿಗೂ ಇರುವ ಸಂಬಂಧವೇ ಇಲ್ಲಿಯೂ ಇದೆ.

ಊರಿನ ದಾರಿ

ಪುಣೆಯಿಂದ ಬೆಂಗಳೂರಿಗೆ ಸುಮಾರು 840 ಕಿಲೋಮೀಟರು. ಹಬ್ಬಕ್ಕೋ ಮದುವೆಗೋ ಹೊರಟ ಕಾರಿನಲ್ಲಿ ಅಜ್ಜ, ಅಜ್ಜಿ, ಮಕ್ಕಳು, ಹಿಂದೆ ತುಂಬು ಸಾಮಾನು. ಹೋಗುವಾಗ ಖಂಬಾಟಕಿ ಘಾಟು, ನಿಪ್ಪಾಣಿ ದಾಟಿದೊಡನೆ ತವಂದಿ ಘಾಟು. ಕಾರವಾರ ಅಂಕೋಲೆಗಳ ಕಡೆಯವರಿಗೆ ಯಲ್ಲಾಪುರದಾಚೆ ಅರಬೈಲು ಘಾಟು. ಮರಳಿ ಬರುವಾಗ ಕಟ್ಟಕಡೆಯ ಇಳಿಜಾರು ಮನೆಯ ಹೊಸ್ತಿಲಲ್ಲಿಯೇ ಇದೆ: ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಉದ್ದನೆಯ ಇಳಿತ. ಅಷ್ಟು ಹೊತ್ತಿಗೆ ಚಾಲಕನೂ ದಣಿದಿರುತ್ತಾನೆ, ಬ್ರೇಕೂ ದಣಿದಿರುತ್ತದೆ. 2022ರ ನವೆಂಬರ್ 20ರ ರಾತ್ರಿ ಇಲ್ಲಿಯೇ ಒಂದು ಭಾರಿ ವಾಹನವು ಹತೋಟಿ ತಪ್ಪಿ ಅನೇಕ ವಾಹನಗಳಿಗೆ ಬಡಿಯಿತು. ಚಾಲಕನು ಇಳಿಜಾರಿನಲ್ಲಿ ಇಂಜಿನ್ ಆರಿಸಿದ್ದನೆಂದು ಆಗ ಪೊಲೀಸರು ತಿಳಿಸಿದ್ದರು. ಇಂಧನ ಉಳಿಸುವ ಈ ದುರಭ್ಯಾಸವು ಕಾರಿನವರಲ್ಲಿಯೂ ಇಲ್ಲದಿಲ್ಲ.

ಬ್ರೇಕು

ಇಂಜಿನ್ ಆರಿಸಿದರೆ ಆಗುವ ಅನಾಹುತವನ್ನು ಮೊದಲು ತಿಳಿಯಬೇಕು. ಕಾರಿನ ಬ್ರೇಕ್ ಪೆಡಲನ್ನು ಕಾಲಿನ ಬಲವೊಂದೇ ಒತ್ತುವುದಿಲ್ಲ. ಇಂಜಿನ್ ನಡೆಯುತ್ತಿರುವಾಗ ದೊರೆಯುವ ನಿರ್ವಾತದ ಸಹಾಯವೂ ಅದಕ್ಕೆ ಕೂಡಿರುತ್ತದೆ. ಇಂಜಿನ್ ನಿಂತ ಮೇಲೆ ಒಂದೆರಡು ಸಲದ ಒತ್ತಿಗೆ ಆ ಸಹಾಯ ಮುಗಿದು ಪೆಡಲು ಕಲ್ಲಿನಂತಾಗುತ್ತದೆ. ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ. ಕೀಲಿಕೈ ಹೊರತೆಗೆದರಂತೂ ಸ್ಟಿಯರಿಂಗಿಗೆ ಬೀಗವೇ ಬೀಳಬಹುದು.

ಎರಡನೆಯ ಅಪಾಯ ಬಿಸಿಯದು. ಇಳಿಜಾರಿನಲ್ಲಿ ಬ್ರೇಕನ್ನು ಎಡೆಬಿಡದೆ ಒತ್ತಿಹಿಡಿದರೆ ಅದು ಕಾಯುತ್ತದೆ; ಆ ಕಾವು ಬ್ರೇಕ್ ಎಣ್ಣೆಗೂ ತಗಲುತ್ತದೆ. ಈ ಎಣ್ಣೆಯ ಸ್ವಭಾವವೆಂದರೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವುದು. ಡಾಟ್-4 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯಬಹುದು. ಕುದಿದ ಎಣ್ಣೆಯಲ್ಲಿ ಆವಿಯ ಗುಳ್ಳೆಗಳೇಳುತ್ತವೆ. ಗುಳ್ಳೆ ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಗಾಲಿಗೆ ಮುಟ್ಟಿಸುವುದಿಲ್ಲ. ಪೆಡಲು ನೆಲಕ್ಕೆ ತಾಗುತ್ತದೆ, ಕಾರು ನಿಲ್ಲುವುದಿಲ್ಲ. ಆದುದರಿಂದ ಕಾರು ಹೆಚ್ಚು ಓಡದಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಇಲ್ಲವೇ ಕೈಪಿಡಿಯಲ್ಲಿ ಹೇಳಿದ ಅವಧಿಗೆ, ಬ್ರೇಕ್ ಎಣ್ಣೆ ಬದಲಿಸುವಂತೆ ಮೆಕ್ಯಾನಿಕನಿಗೆ ಹೇಳತಕ್ಕದ್ದು.

ಪ್ರಯಾಣದ ಹಿಂದಿನ ದಿನ ಮನೆಯ ಮುಂದೆಯೇ ಒಂದು ಪರೀಕ್ಷೆ ಮಾಡಬಹುದು. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ಗೇರು ನ್ಯೂಟ್ರಲ್‌ನಲ್ಲಿರಿಸಿ, ಇಂಜಿನ್ ಆರಿಸಿ ಪೆಡಲನ್ನು ನಾಲ್ಕೈದು ಸಲ ಒತ್ತಬೇಕು. ಅದು ಗಟ್ಟಿಯಾದ ಮೇಲೆ ಒತ್ತಿಹಿಡಿದುಕೊಂಡೇ ಇಂಜಿನ್ ಚಾಲೂ ಮಾಡಬೇಕು. ಪೆಡಲು ಸ್ವಲ್ಪ ಕೆಳಗಿಳಿದು ನಿಂತರೆ ನಿರ್ವಾತದ ಸಹಾಯ ಸರಿಯಾಗಿದೆಯೆಂದು ಅರ್ಥ. ಅರ್ಧ ನಿಮಿಷ ಒತ್ತಿಹಿಡಿದಾಗ ಅದು ಮೆಲ್ಲಮೆಲ್ಲನೆ ಕುಸಿಯುತ್ತ ಹೋದರೆ ಎಲ್ಲಿಯೋ ಸೋರಿಕೆಯಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಒಳಗೆ ಗಾಳಿ ಸೇರಿರಬಹುದು. ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆದರೆ, ಲೋಹ ಉಜ್ಜಿದ ಸದ್ದು ಬಂದರೆ, ಹೊರಡುವ ಮೊದಲೇ ಗ್ಯಾರೇಜಿಗೆ ಒಯ್ಯಬೇಕು.

ಘಾಟು ಇಳಿಯುವಾಗ ಹಳೆಯ ಚಾಲಕರ ನಿಯಮವೇ ಮೇಲು: ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರು. ಇಂಜಿನ್ನೇ ವೇಗವನ್ನು ತಡೆಯುತ್ತದೆ. ಬ್ರೇಕಿಗೆ ಆಗಾಗ ಬಿಡುವು ಸಿಗುತ್ತದೆ. ನ್ಯೂಟ್ರಲ್‌ನಲ್ಲಿ ಇಳಿಯುವುದು ಸರ್ವಥಾ ಕೂಡದು.

ಟೈರು

ರಸ್ತೆಗೆ ತಾಗಿರುವುದು ನಾಲ್ಕು ಅಂಗೈಯಗಲದಷ್ಟು ರಬ್ಬರು ಮಾತ್ರ. ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿದೆ. ತುಂಬಿದ ಕಾರಿಗೆ ಬೇರೆ ಅಂಕಿ ಇರುವುದುಂಟು. ಟೈರಿನ ಮೈಮೇಲಿನ ಅಂಕಿ ಗರಿಷ್ಠ ಮಿತಿಯದು. ಅದನ್ನು ನೋಡಿ ಗಾಳಿ ತುಂಬಿಸಬಾರದು. ಅಳೆಯುವುದು ಟೈರು ತಣ್ಣಗಿರುವಾಗ, ಅಂದರೆ ಕಾರು ಓಡುವ ಮೊದಲು. ಗಾಳಿ ಕಡಮೆಯಾದ ಟೈರಿನ ಪಕ್ಕಗಳು ಉರುಳುವಾಗಲೆಲ್ಲ ಮಡಿಸಿ ಬಿಚ್ಚಿಕೊಂಡು ಕಾಯುತ್ತವೆ. ಬೇಸಿಗೆಯ ಹೆದ್ದಾರಿಯಲ್ಲಿ ಟೈರು ಸಿಡಿಯಲು ಇದೊಂದು ಮುಖ್ಯ ಕಾರಣ.

ಸವೆತವೇ ರೋಗಲಕ್ಷಣ ಹೇಳುತ್ತದೆ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಮೆ. ಒಂದೇ ಅಂಚು ಸವೆದಿದ್ದರೆ ಗಾಲಿಗಳ ಅಲೈನ್‌ಮೆಂಟ್ ತಪ್ಪಿದೆ. ಟೈರಿನ ಗೀರುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ. ಸವೆತ ಅವುಗಳ ಮಟ್ಟಕ್ಕೆ ಬಂದರೆ ಗೀರಿನ ಆಳ 1.6 ಮಿಲಿಮೀಟರಿಗೆ ಇಳಿದಿದೆಯೆಂದು ಅರ್ಥ. ಆ ಟೈರನ್ನು ಬದಲಿಸಲೇಬೇಕು. ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಟೈರಿನ ಜಾತಕ: 2319 ಎಂದರೆ 2019ರ 23ನೆಯ ವಾರ ತಯಾರಾದುದು. ಸ್ಟೆಪ್ನಿಯ ಗಾಳಿಯನ್ನೂ ತಿಂಗಳಿಗೊಮ್ಮೆ ನೋಡಬೇಕು. ಅದನ್ನು ಮರೆಯುವವರೇ ಹೆಚ್ಚು.

ಗಾಲಿ ಬದಲಿಸುವ ಕ್ರಮವನ್ನು ಬಿಡುವಿನ ಭಾನುವಾರ ಒಮ್ಮೆ ಅಭ್ಯಾಸ ಮಾಡುವುದು ಲೇಸು. ಗಟ್ಟಿ ಸಮನೆಲ, ಹ್ಯಾಂಡ್ ಬ್ರೇಕ್, ಇನ್ನೊಂದು ಗಾಲಿಗೆ ಕಲ್ಲಿನ ಆಸರೆ. ನಟ್ಟುಗಳನ್ನು ಗಾಲಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ ಬಳಿಕ ಜಾಕ್ ಏರಿಸಬೇಕು. ಬಿಗಿಯುವಾಗ ಒಂದರ ಪಕ್ಕ ಒಂದನ್ನು ಬಿಗಿಯದೆ ಎದುರುಬದುರಾಗಿ ಬಿಗಿಯಬೇಕು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತೂರುವುದು ಪ್ರಾಣಾಂತಿಕ.

ಬಾನೆಟ್ಟಿನ ಕೆಳಗೆ

ಆಯಿಲ್ ನೋಡಲು ಕಾರು ಸಮನೆಲದಲ್ಲಿರಬೇಕು, ಇಂಜಿನ್ ಆರಿ ಹತ್ತು ನಿಮಿಷವಾಗಿರಬೇಕು. ಅಳತೆ ಕಡ್ಡಿಯನ್ನು ಹೊರತೆಗೆದು ಒರೆಸಿ, ಮತ್ತೆ ಅದ್ದಿ ತೆಗೆದರೆ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿರಬಹುದು. ಕಾರು ಓಡಿಸದೆ ಮೆಕ್ಯಾನಿಕನನ್ನು ಕರೆಸಬೇಕು. ಓಡುವಾಗ ಕೆಂಪು ಎಣ್ಣೆಡಬ್ಬಿಯ ದೀಪ ಹೊತ್ತಿದರೆ ಸುರಕ್ಷಿತ ಜಾಗದಲ್ಲಿ ಒಡನೆಯೇ ನಿಲ್ಲಿಸಬೇಕು; ಇನ್ನು ಎರಡೇ ಕಿಲೋಮೀಟರು ಎಂಬ ಆಸೆ ಇಡೀ ಇಂಜಿನ್ನನ್ನು ನುಂಗಬಲ್ಲುದು.

ಕೂಲಂಟಿನ ಮಟ್ಟವನ್ನು ಪಾರದರ್ಶಕ ಡಬ್ಬಿಯ ಹೊರಗಿನಿಂದಲೇ ನೋಡಬಹುದು. ಕಾದ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒಳಗಿನ ನೀರು ಒತ್ತಡದಿಂದಾಗಿ ನೂರು ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಬ್ಯಾಟರಿಯ ತುದಿಗಳಲ್ಲಿ ಕಟ್ಟುವ ಬಿಳಿ-ಹಸಿರು ಬೂಷ್ಟನ್ನು ಅಡಿಗೆ ಸೋಡ ಬೆರೆಸಿದ ಬೆಚ್ಚನೆ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಮೊದಲು ಋಣ ತುದಿ, ಕಟ್ಟುವಾಗ ಕೊನೆಗೆ ಋಣ ತುದಿ. ಕೈಯ ಉಂಗುರ, ಬಳೆ, ಗಡಿಯಾರ ತೆಗೆದಿಡಬೇಕು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಹೊರಡುವುದರಿಂದ ಬಳಿಯಲ್ಲಿ ಬೀಡಿ, ಸಿಗರೇಟು ಕೂಡದು. ಇಲಿ ಕಡಿದ ತಂತಿಗಳಿದ್ದರೆ ಅವೂ ಈ ಹೊತ್ತಿನಲ್ಲಿಯೇ ಕಣ್ಣಿಗೆ ಬೀಳುತ್ತವೆ.

ಮಳೆಗಾಲ

ಜೂನ್ ತಿಂಗಳ ಮೊದಲೇ ವೈಪರಿನ ರಬ್ಬರು, ದೀಪಗಳು, ಟೈರಿನ ಗೀರು ಇವನ್ನು ನೋಡಿಟ್ಟುಕೊಳ್ಳಬೇಕು. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢಾ ಉಕ್ಕಿ ಹರಿದು ಜನರನ್ನು ಬಲಿ ತೆಗೆದುಕೊಂಡಿತು, ನಿಂತಿದ್ದ ವಾಹನಗಳನ್ನು ಕೊಚ್ಚಿ ಒಯ್ಯಿತು. ಹರಿಯುವ ನೀರಿಗೆ ಕಾರು ಇಳಿಸಬಾರದು. ನೀರಿನಲ್ಲಿ ಮುಳುಗಿದ್ದ ಕಾರನ್ನು ಚಾಲೂ ಮಾಡಿ ನೋಡಲೂ ಬಾರದು: ಸಿಲಿಂಡರಿಗೆ ಹೊಕ್ಕ ನೀರು ಗಾಳಿಯಂತೆ ಕುಗ್ಗದ ಕಾರಣ ಒಳಗಿನ ಸರಳುಗಳೇ ಬಾಗುತ್ತವೆ. ಅಂತಹ ಕಾರನ್ನು ಎಳೆಸಿಕೊಂಡು ಹೋಗಬೇಕು.

ದೇಹಾರೋಗ್ಯದ ಎಚ್ಚರಿಕೆಗಳು

ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ನಡೆಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ; ಮನುಷ್ಯನಿಗೆ ಅರಿವಾಗುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ನಿಂತ ಕಾರಿನಲ್ಲಿ ಗಾಜು ಏರಿಸಿ ಇಂಜಿನ್ ನಡೆಸಿಕೊಂಡು ಮಲಗುವುದೂ ಇದೇ ಕಾರಣದಿಂದ ಅಪಾಯಕರ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಕ್ಕಳನ್ನು ಕ್ಷಣಹೊತ್ತೂ ಬಿಡಬಾರದು. ಸಾಮಾನ್ಯ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ಅದನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದಿಗೂ ತುಂಬಿಡಬಾರದು. ಬ್ಯಾಟರಿಯ ಆಮ್ಲ ಕಣ್ಣಿಗೆ ಸಿಡಿದರೆ ಕೂಡಲೇ ಹದಿನೈದು ನಿಮಿಷಕ್ಕೆ ಕಡಮೆಯಿಲ್ಲದೆ ಶುದ್ಧ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು. ದೂರ ಪ್ರಯಾಣದಲ್ಲಿ ಎರಡು ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸುವುದು ಚಾಲಕನಿಗೂ ವೃದ್ಧರಿಗೂ ಹಿತ.

ಕೈಹಾಕಬಾರದ ಕೆಲಸಗಳೂ ಉಂಟು. ಏರ್‌ಬ್ಯಾಗ್, ಎ.ಸಿ.ಯ ಅನಿಲ, ಬ್ರೇಕಿನ ಒಳಭಾಗ ಇವು ನುರಿತವರಿಗೇ ಮೀಸಲು. ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲುಗಳೆಂದರೆ ಜೀವ ತೆಗೆಯಬಲ್ಲ ವಿದ್ಯುತ್ತು, ಅವನ್ನು ಮುಟ್ಟಲೇಬಾರದು.

ನೆನಪಿನ ಪಟ್ಟಿ

ವಾರಕ್ಕೊಮ್ಮೆ: ನಾಲ್ಕೂ ಟೈರುಗಳ ಗಾಳಿ, ಎಲ್ಲ ದೀಪಗಳು, ಕಾರು ನಿಂತ ಜಾಗದಲ್ಲಿ ಸೋರಿಕೆಯ ಕಲೆ.

ತಿಂಗಳಿಗೊಮ್ಮೆ: ಆಯಿಲ್, ಕೂಲಂಟ್, ಬ್ರೇಕ್ ಎಣ್ಣೆಯ ಮಟ್ಟ, ಬ್ಯಾಟರಿಯ ತುದಿಗಳು, ಸ್ಟೆಪ್ನಿ, ವೈಪರಿನ ನೀರು.

ಊರಿಗೆ ಹೊರಡುವ ಮುನ್ನ: ಬ್ರೇಕಿನ ಪರೀಕ್ಷೆ, ಟೈರಿನ ಸವೆತ, ಜಾಕ್, ಸ್ಪ್ಯಾನರ್, ಟಾರ್ಚು, ಕೆಂಪು ತ್ರಿಕೋನ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಿಮೆ ಹಾಗೂ ಪಿಯುಸಿ ಪ್ರಮಾಣಪತ್ರ. ರಾಷ್ಟ್ರೀಯ ಹೆದ್ದಾರಿಯ ನೆರವಿಗೆ 1033, ಯಾವುದೇ ತುರ್ತಿಗೆ 112.

ವಾರದ ಕೆಲಸಕ್ಕೆ ಹದಿನೈದು ನಿಮಿಷ ಸಾಕು. ಇದನ್ನು ಮನೆಯ ಯಜಮಾನನೊಬ್ಬನೇ ಮಾಡಬೇಕೆಂದಿಲ್ಲ. ಕಾರು ಓಡಿಸುವ ಗೃಹಿಣಿಯೂ, ಕಾಲೇಜಿಗೆ ಹೋಗುವ ಮಗಳೂ ಮಗನೂ ಕಲಿತರೆ ನಡುದಾರಿಯಲ್ಲಿ ಯಾರೂ ಅಸಹಾಯಕರಾಗರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗದೆ, ಹೊರಡುವ ಮುನ್ನವೇ ಬಾಗಿಲ ಅಗುಳಿ ನೋಡುವುದು ಜಾಣತನ. ಇಳಿಜಾರಿನಲ್ಲಿ ಹಿಂದಿನ ಸೀಟಿನ ಮೇಲೆ ನಿದ್ರಿಸುವ ಮಗುವಿಗೆ ಬ್ರೇಕಿನ ವಿಚಾರ ತಿಳಿಯದು. ಅದು ನಂಬಿರುವುದು ಹಿರಿಯರ ಎಚ್ಚರವನ್ನು.