ಹಾಡಿನ ಸೇವೆಯೂ ಹಾಡು ಕಟ್ಟಿದವನ ವಿಶ್ವಾಸವೂ



ಪರೀಕ್ಷೆಯು ಸಮೀಪಿಸಿರುವಾಗ ಹಾಡಿಕೆಯ ತಾಸನ್ನು ಗಣಿತಕ್ಕೆ ಯಾಕೆ ಕೊಡಬಾರದೆಂದು ಪಾಲಕರಲ್ಲಿ ಕೆಲವರು ನಮ್ಮನ್ನು ಕೇಳುವದುಂಟು. ಪ್ರಶ್ನೆಯು ಅನ್ಯಾಯದ್ದಲ್ಲ, ಹಾಡಿಗೆ ಅಂಕಗಳಿಲ್ಲವೆಂಬದು ನಿಜವೇ. ಅದಕ್ಕೆ ಉತ್ತರ ಕೊಡುವದಕ್ಕೆ ಮುಂಚೆ, ನಮ್ಮ ನಾಡಿನಲ್ಲಿ ಹಾಡಿನ ಮೂಲಕ ದೇವರ ಸೇವೆ ಮಾಡಲೆಳಸಿದ ಒಬ್ಬರ ವೃತ್ತಾಂತವನ್ನು ಇಲ್ಲಿ ವಿಚಾರಿಸುವೆವು. ಅವರನ್ನು ನೀವೆಲ್ಲರೂ ನಿಘಂಟಿನ ಕಿಟ್ಟೆಲರೆಂದು ಬಲ್ಲಿರಿ. ಹಾಡಿನ ಕಿಟ್ಟೆಲರನ್ನು ಬಲ್ಲವರು ಕಡಿಮೆ.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ 1851ರಲ್ಲಿ ನಮ್ಮ ನೆರೆಯ ಗುಳೇದಗುಡ್ಡದಲ್ಲಿಯೂ ತಮ್ಮ ಕಾರ್ಯವನ್ನು ಆರಂಭಿಸಿದರು. ಅವರು ಸತ್ಯವೇದದ ಸಂಗಡ ತಮ್ಮ ದೇಶದ ರಾಗಗಳನ್ನೂ ತಂದರು. ತಾಯಿಯ ಮಡಿಲಲ್ಲಿ ಕೇಳಿದ ರಾಗವನ್ನು ಯಾರು ತಾನೇ ಊರಿನಲ್ಲಿ ಬಿಟ್ಟು ಬಂದಾರು? ಆದರೆ ಇಲ್ಲಿ ಒಂದು ವಿಚಿತ್ರವುಂಟು. ಆ ಜರ್ಮನ್ ಹಾಡುಗಳ ಮೂಲವನ್ನು ನೋಡಿದರೆ, 1524ರಲ್ಲಿ ಮಾರ್ಟಿನ್ ಲೂಥರನು ಮೊದಲ ಕೀರ್ತನ ಪುಸ್ತಕಗಳನ್ನು ಹೊರಡಿಸಿದ್ದು, ದೇವಾಲಯದಲ್ಲಿ ಲ್ಯಾಟಿನ್ ತಿಳಿಯದೆ ಸುಮ್ಮನೆ ನಿಂತಿದ್ದ ಜನರು ತಮ್ಮ ಸ್ವಂತ ಮಾತಿನಲ್ಲಿ ಬಾಯಿ ತೆರೆದು ಹಾಡಬೇಕೆಂದೇ. ಮೂರು ನೂರು ವರುಷಗಳ ತರುವಾಯ ಅದೇ ಹಾಡುಗಳು ಸಮುದ್ರ ದಾಟಿ ಬಂದು, ಕನ್ನಡದ ಬಾಯಿಗೆ ಪರದೇಶದ ರಾಗವಾಗಿ ಕುಳಿತವು.

ಕುಳಿತದ್ದು ಸರಿಯಾಗಿ ಕುಳಿತುಕೊಳ್ಳಲಿಲ್ಲವೆಂಬದನ್ನು ಹಾಡಿಕೆ ಕಲಿಸುವವರು ಅನುಭವದಿಂದ ಬಲ್ಲರು. ಕನ್ನಡದ ಪದ್ಯವು ಲಘು ಗುರುಗಳ ಮೇಲೆ, ಎಂದರೆ ಮಾತ್ರೆಗಳ ಅಳತೆಯ ಮೇಲೆ ನಡೆಯುವದು. ಯುರೋಪಿನ ರಾಗವಾದರೋ ಅಕ್ಷರಗಳ ಎಣಿಕೆಯ ಮೇಲೆಯೂ ಒತ್ತಿನ ಮೇಲೆಯೂ ನಡೆಯುವದು. ಎಲ್ಲಿ ಸ್ವರವು ದೀರ್ಘವಾಗಿದೆಯೋ ಅಲ್ಲಿ ಹ್ರಸ್ವಾಕ್ಷರವು ಸಿಕ್ಕಿಬಿದ್ದರೆ ಅರ್ಥವೇ ಕೆಡುವದು. ಒಮ್ಮೆ ನಾವು ಚಿಕ್ಕ ತರಗತಿಯ ಹುಡುಗಿಯರಿಗೆ ಅಂಥ ಒಂದು ರಾಗವನ್ನು ಕಲಿಸುತ್ತಿದ್ದಾಗ, ದೇವರ 'ಬಲ'ವನ್ನು ಹೊಗಳುವ ಮಾತು ಅವರ ಬಾಯಲ್ಲಿ ದೇವರ 'ಬಾಲ'ವಾಗಿ ಹೊರಟಿತು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ತಪ್ಪು ಮಕ್ಕಳದ್ದಾಗಿರಲಿಲ್ಲ, ರಾಗವು ಹೇಳಿದಂತೆಯೇ ಅವರು ಹಾಡಿದ್ದರು. 'ಮರ'ವು 'ಮಾರ'ನಾಗುವದೂ 'ನಡು'ವು 'ನಾಡು' ಆಗುವದೂ ಹೀಗೆಯೇ. ಇದಲ್ಲದೆ ನಮ್ಮ ಪದ್ಯದಲ್ಲಿ ಪ್ರಾಸವು ಸಾಲಿನ ಎರಡನೆಯ ಅಕ್ಷರದಲ್ಲಿರುವದು, ಅವರದ್ದು ಸಾಲಿನ ಕೊನೆಯಲ್ಲಿ. ಒಂದರ ಕಿವಿಯು ಬಾಗಿಲಲ್ಲಿದ್ದರೆ ಇನ್ನೊಂದರದು ಹಿತ್ತಿಲಲ್ಲಿ.

ಇದನ್ನು ಮೊದಲು ಮನಗಂಡವರಲ್ಲಿ ಹೆರ್ಮನ್ ಮೋಗ್ಲಿಂಗರು ಒಬ್ಬರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದವರು ಇವರೇ. ಇವರು 1850ರಲ್ಲಿ ಪುರಂದರದಾಸರೇ ಮೊದಲಾದವರ ಪದಗಳನ್ನು ಸಂಗ್ರಹಿಸಿ ಮಂಗಳೂರಿನ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ಕ್ರೈಸ್ತ ಉಪದೇಶಕನೊಬ್ಬನು ಹರಿದಾಸರ ಪದಗಳನ್ನು ಅಚ್ಚು ಮಾಡಿಸುವದೆಂದರೆ ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ನೆರೆಯವನ ಭಕ್ತಿಯು ಯಾವ ದನಿಯಲ್ಲಿ ಹಾಡುತ್ತದೆಂಬದನ್ನು ತಿಳಿಯದೆ ಅವನಿಗೆ ಹಾಡಿ ತೋರಿಸುವದು ಹೇಗೆ?

ಫೆರ್ಡಿನೆಂಡ್ ಕಿಟ್ಟೆಲರು ಜರ್ಮನಿಯ ಉತ್ತರ ಭಾಗದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ 1832ರಲ್ಲಿ ಹುಟ್ಟಿ, 1853ರಲ್ಲಿ, ಎಂದರೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಈ ದೇಶಕ್ಕೆ ಬಂದರು. ಧಾರವಾಡ ಹುಬ್ಬಳ್ಳಿಗಳ ಸೀಮೆಯಲ್ಲಿ ಕಾಲ್ನಡೆಯಾಗಿ ತಿರುಗಿ ಜನರ ಮಾತನ್ನು ಕಲಿತರು. ನಮ್ಮ ಬಯಲುಸೀಮೆಯ ಕಿವಿಗಳಾದರೂ ಎಂಥವು! ಬೀಸುಕಲ್ಲಿನ ಪದ, ಡೊಳ್ಳಿನ ಪದ, ಭಜನೆಯ ಏಕತಾರಿ, ಶರಣರ ವಚನ, ರಾತ್ರಿಯಿಡೀ ನಡೆಯುವ ಬಯಲಾಟ, ಇವುಗಳಿಂದ ತುಂಬಿದ ಕಿವಿಗಳು. ಕುಮಾರವ್ಯಾಸನ ಭಾರತವನ್ನೂ ಲಕ್ಷ್ಮೀಶನ ಜೈಮಿನಿಯನ್ನೂ ಅಕ್ಷರ ಬಾರದವರು ಸಹ ಕುಳಿತು ಕೇಳುತ್ತಿದ್ದ ನಾಡು ಇದು. ಇಂಥ ಜನಕ್ಕೆ ಯೇಸುವಿನ ಕಥೆಯನ್ನು ಗದ್ಯದಲ್ಲಿ ಓದಿ ಹೇಳಿದರೆ ಕೇಳಿ ಎದ್ದು ಹೋಗುವರು. ಹಾಡಿ ಹೇಳಿದರೆ ಮನೆಗೆ ಒಯ್ಯುವರು. ಆದುದರಿಂದ ಕಿಟ್ಟೆಲರು ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿಯೇ ಪದ್ಯವಾಗಿ ರಚಿಸಿ 'ಕಥಾಮಾಲೆ'ಯೆಂಬ ಹೆಸರಿನಿಂದ 1862ರಲ್ಲಿ ಪ್ರಕಟಿಸಿದರು. ಆಗ ಅವರಿಗೆ ಮೂವತ್ತು ವರುಷ.

ನಮ್ಮ ಕಥನಕಾವ್ಯಕ್ಕೆ ಷಟ್ಪದಿಯು ಯಾಕೆ ಇಷ್ಟು ಒಗ್ಗಿತೆಂದು ಒಂದಿಷ್ಟು ತಿಳಿದುಕೊಳ್ಳುವದು ಒಳ್ಳೇದು. ಭಾಮಿನಿ ಷಟ್ಪದಿಯಲ್ಲಿ ಆರು ಸಾಲುಗಳು. ಮೂರು ನಾಲ್ಕು, ಮೂರು ನಾಲ್ಕು ಎಂದು ಮಾತ್ರೆಗಳು ಸಾಗಿ, ಒಂದು, ಎರಡು, ನಾಲ್ಕು, ಐದನೆಯ ಸಾಲುಗಳು 14 ಮಾತ್ರೆಗಳಲ್ಲಿ ನಿಲ್ಲುವವು. ಮೂರು, ಆರನೆಯವು 23ರ ವರೆಗೆ ಚಾಚಿ ಒಂದು ಗುರುವಿನ ಮೇಲೆ ಉಸಿರು ಬಿಡುವವು. ಒಟ್ಟು 102. ಇದಕ್ಕೆ ಇಂಥದೇ ರಾಗವೆಂಬ ಕಟ್ಟಿಲ್ಲ. ಓದುವವನು ದುಃಖದ ಸನ್ನಿವೇಶಕ್ಕೆ ಒಂದು ರಾಗವನ್ನು, ಹರ್ಷಕ್ಕೆ ಬೇರೊಂದನ್ನು ಎತ್ತಿಕೊಳ್ಳಬಹುದು, ಅಕ್ಷರವು ಕೆಡುವದಿಲ್ಲ. ಹುಡುಗಿಯರು ಬೆರಳು ಮಡಿಚಿ ಎಣಿಸುತ್ತ ಇದನ್ನು ಕಲಿಯುವಾಗ, ಇದೂ ಗಣಿತವೇ ಎಂದು ನಾವು ಪಾಲಕರಿಗೆ ಪಿಸುಗುಟ್ಟಬೇಕೆನ್ನಿಸುವದು.

ಕಿಟ್ಟೆಲರು ಇಷ್ಟಕ್ಕೇ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಶೋಧಿಸಿ ಅಚ್ಚು ಹಾಕಿಸಿದರು. ಛಂದಸ್ಸಿನ ಪುಸ್ತಕಕ್ಕೂ ದೇವರ ಸೇವೆಗೂ ಏನು ಸಂಬಂಧವೆಂದು ಅವರನ್ನು ಕಳುಹಿಸಿದ ಹಿರಿಯರಿಗೆ ಅನ್ನಿಸಿದ್ದು ಆಶ್ಚರ್ಯವಲ್ಲ. ಅವರ ಮಾರ್ಗವು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಮಿಶನ್ನಿನೊಳಗೆ ಅವರು ಬಹುಮಟ್ಟಿಗೆ ಒಂಟಿಯಾಗಿಯೇ ನಡೆದರು. ನಮ್ಮ ಅಭಿಪ್ರಾಯದಲ್ಲಿ ಅವರ ವಿಶ್ವಾಸವನ್ನು ಹುಡುಕಬೇಕಾದದ್ದು ಇಲ್ಲಿಯೇ. ತನ್ನ ಬಾಯಿಗೆ ರೂಢಿಯಾದ ರಾಗವನ್ನು ಬಿಟ್ಟು ಕೇಳುವವನ ಕಿವಿಗೆ ಬಗ್ಗುವದು ಬರಿಯ ಜಾಣತನದಿಂದ ಆಗುವ ಕೆಲಸವಲ್ಲ. ದೇವರ ಮಾತು ಕನ್ನಡದಲ್ಲಿಯೂ ತನ್ನ ಪೂರ್ಣ ದನಿಯಿಂದ ಮಾತಾಡಬಲ್ಲದೆಂದು ನಂಬಿದವನು ಮಾತ್ರ ಹಾಗೆ ಮಾಡಿಯಾನು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟು 1894ರಲ್ಲಿ ಹೊರಬಂದಿತು, 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ತೀರಿಕೊಂಡರು. ನಿಘಂಟಿನ ಕೀರ್ತಿಯ ನೆರಳಿನಲ್ಲಿ ಕಥಾಮಾಲೆಯು ಮರೆಯಾದದ್ದು ನಮಗೆ ನೋವಿನ ಸಂಗತಿ.

ಇದೇ ದಾರಿಯನ್ನು ನೆರೆಯ ಮರಾಠಿ ನಾಡಿನಲ್ಲಿ ನಾರಾಯಣ ವಾಮನ ಟಿಳಕರು ಹಿಡಿದರು. 1895ರಲ್ಲಿ ದೀಕ್ಷಾಸ್ನಾನ ಹೊಂದಿದ ಈ ಕವಿಯು ಅಭಂಗಗಳನ್ನೂ ಕೀರ್ತನೆಯ ಪದ್ಧತಿಯನ್ನೂ ಕ್ರೈಸ್ತ ಸಭೆಯೊಳಕ್ಕೆ ತಂದರು. 1919ರಲ್ಲಿ ಅವರು ತೀರಿಕೊಂಡಾಗ ಅವರ 'ಕ್ರಿಸ್ತಾಯನ'ವು ಅರ್ಧಕ್ಕೆ ನಿಂತಿತ್ತು. ಅದನ್ನು ಮುಂದುವರಿಸಿದವರು ಅವರ ಪತ್ನಿ ಲಕ್ಷ್ಮೀಬಾಯಿಯವರು. ಶಾಲೆಯ ಮೆಟ್ಟಿಲು ಹತ್ತದೆ ಮನೆಯಲ್ಲಿಯೇ ಅಕ್ಷರ ಕಲಿತ ಹೆಂಗಸು! ನಮ್ಮ ಹುಡುಗಿಯರಿಗೆ ಈ ಮಾತನ್ನು ನಾವು ಮೇಲಿಂದ ಮೇಲೆ ಹೇಳುತ್ತಿರುವೆವು.

1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸರಕಾರವು ಬಂಧನದಲ್ಲಿಟ್ಟು ತರುವಾಯ ದೇಶದಿಂದ ಕಳುಹಿಸಿತು. ಆಗ ಹಾಡನ್ನು ಉಳಿಸಿಕೊಳ್ಳುವ ಭಾರವು ಇಲ್ಲಿಯ ಸಭೆಗಳ ಮೇಲೆಯೇ ಬಿತ್ತು. ಮುಂದೆ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯೊಳಕ್ಕೆ ಬಂದು, ಜನರು ಕಟ್ಟಿಗೆ ಕಂಬ, ಬೀಸುಕಲ್ಲು, ತೊಟ್ಟಿಲುಗಳನ್ನು ಹೇರಿಕೊಂಡು ಈ ನವನಗರಕ್ಕೆ ಬಂದಾಗ, ಓಣಿಯ ನೆರೆಹೊರೆಯು ಚದುರಿ ಒಟ್ಟಿಗೆ ಹಾಡುತ್ತಿದ್ದವರು ಬೇರೆ ಬೇರೆ ಸೆಕ್ಟರುಗಳ ಪಾಲಾದರು. ಬೀಸುಕಲ್ಲುಗಳಲ್ಲಿ ಹಲವು ಇಂದು ಅಂಗಳದ ಮೂಲೆಯಲ್ಲಿ ಬಿದ್ದಿವೆ. ಅವುಗಳ ರಾಗವು ಮುದುಕಿಯರ ಗಂಟಲಲ್ಲಿ ಮಾತ್ರ ಉಳಿದಿದೆ.

ಕೆಲವು ದಿವಸಗಳ ಕೆಳಗೆ ಒಬ್ಬ ಹುಡುಗಿಯ ಅಜ್ಜಿಯು ಶಾಲೆಗೆ ಬಂದು, ನಾವು ಹಾರ್ಮೋನಿಯಮ್ಮಿನ ಸಂಗಡ ಕಲಿಸುತ್ತಿದ್ದ ಕೀರ್ತನೆಯನ್ನು ಬಾಗಿಲಲ್ಲಿ ನಿಂತು ಕೇಳಿ, "ನಮ್ಮವ್ವ ಇದನ್ನ ಹಿಂಗ ಹಾಡತಿದ್ದಿಲ್ಲ" ಎಂದು ಹೇಳಿ ಬೀಸುವ ಪದದ ಧಾಟಿಯಲ್ಲಿ ಹಾಡಿ ತೋರಿಸಿದರು. ಒಂದು ಅಕ್ಷರವಾದರೂ ಎಳೆದಾಡಲಿಲ್ಲ. ಹುಡುಗಿಯರು ಎರಡೇ ಸಾರಿಗೆ ಕಲಿತರು. ಆ ಧಾಟಿಯನ್ನು ನಾವು ಸ್ವರ ಹಾಕಿ ಬರೆದಿಟ್ಟುಕೊಂಡಿರುವೆವು. ನಿಮ್ಮ ಮನೆಗಳಲ್ಲಿ ಇಂಥ ಧಾಟಿಯನ್ನು ಬಲ್ಲ ತಾಯಿ ಅಜ್ಜಿಯರಿದ್ದರೆ ದಯಮಾಡಿ ಹಾಡಿಕೆಯ ತಾಸಿಗೆ ಕರೆದುಕೊಂಡು ಬರಬೇಕು. ಪರೀಕ್ಷೆಯ ತಿಂಗಳಾದರೂ ಸರಿ, ಆ ತಾಸು ನಡೆದೇ ಇರುವದು.