ಜೀರ್ಣೋದ್ಧಾರಗೊಂಡ ಹಳೆಯ ಜೀಪು: ನೈಜತೆ ಮತ್ತು ಮೌಲ್ಯ ನಿರ್ಣಯ

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಆಸ್ತಿಗಳ ಪಟ್ಟಿಯ ಕೊನೆಯಲ್ಲಿ ‘ಜೀಪು – ರೂ. 280’ ಎಂಬಂತಹ ನಮೂದು ಕಾಣಸಿಗುವುದು ಅಪರೂಪವಲ್ಲ. ವರ್ಷಕ್ಕೆ ಶೇ. 15ರಷ್ಟು ಸವಕಳಿ ಕಳೆಯುತ್ತ ಬಂದರೆ ಯಾವ ವಾಹನದ ಪುಸ್ತಕ ಮೌಲ್ಯವೂ ಹೀಗೆ ಕರಗಿಹೋಗುತ್ತದೆ. ಅದೇ ಜೀಪನ್ನು ಪಾಲುದಾರರಲ್ಲೊಬ್ಬರು ಗ್ಯಾರೇಜಿಗೆ ಕಳುಹಿಸಿ, ಹಲವು ಲಕ್ಷ ವೆಚ್ಚ ಮಾಡಿ ಹೊಸದರಂತೆ ಮಾಡಿಸಿದ ಮೇಲೆ ಸಂಸ್ಥೆಯ ವಿಭಜನೆಯ ಕಾಲ ಬಂದರೆ ವಿವಾದ ಏಳುತ್ತದೆ. ಬೆಲೆ ಯಾವುದು? ಪುಸ್ತಕದಲ್ಲಿರುವುದೇ, ಖರ್ಚು ಮಾಡಿದ್ದೇ, ಅಥವಾ ಮಾರುಕಟ್ಟೆಯಲ್ಲಿ ಜನ ಹೇಳುವುದೇ? ಈ ಮೂರರಲ್ಲಿ ಯಾವುದನ್ನೂ ಹಾಗೆಯೇ ಒಪ್ಪಲಾಗದು. ಹಳೆಯ ವಾಹನದ ಬೆಲೆ ನಿಲ್ಲುವುದು ಅದರಲ್ಲಿ ಎಷ್ಟು ಭಾಗ ಮೂಲದ್ದೆಂದು ಸಾಕ್ಷ್ಯಸಹಿತ ತೋರಿಸಬಹುದು ಎಂಬುದರ ಮೇಲೆ. ಹೀಗಾಗಿ ಪರೀಕ್ಷೆ ಲೋಹದಿಂದ ಆರಂಭವಾಗಬೇಕು.

ಎರಡನೆಯ ಮಹಾಯುದ್ಧದ ಜೀಪುಗಳನ್ನು 1941ರಿಂದ 1945ರವರೆಗೆ ಅಮೆರಿಕದ ಎರಡು ಸಂಸ್ಥೆಗಳು ತಯಾರಿಸಿದವು. ವಿಲ್ಲಿಸ್‌ನ ಮಾದರಿಗೆ ಎಂಬಿ ಎಂದೂ ಫೋರ್ಡ್‌ನ ಮಾದರಿಗೆ ಜಿಪಿಡಬ್ಲ್ಯು ಎಂದೂ ಹೆಸರು. ಒಟ್ಟು ಸಂಖ್ಯೆ ಆರು ಲಕ್ಷಕ್ಕೂ ಹೆಚ್ಚು. ಎರಡೂ ಒಂದೇ ನಕ್ಷೆಯವು, 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, 6 ವೋಲ್ಟ್ ವಿದ್ಯುತ್ ವ್ಯವಸ್ಥೆ. ನಾಗರಿಕರಿಗಾಗಿ ಸಿಜೆ ಮಾದರಿಗಳು ಬಂದದ್ದು 1945ರಿಂದ. ನಮ್ಮ ದೇಶದಲ್ಲಿ ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿ, ಮುಂದೆ ಸಿಜೆ-3ಬಿ ಮಾದರಿಯನ್ನು ದಶಕಗಳ ಕಾಲ ತಯಾರಿಸಿತು. ಮಲೆನಾಡಿನಲ್ಲಿ ನಾವು ಕಂಡ ಬಹುಪಾಲು ಜೀಪುಗಳು ಈ ವಂಶದವೇ.

ಗೊಂದಲಕ್ಕೆ ಮೂಲ ಇಲ್ಲಿದೆ. ಯುದ್ಧಕಾಲದ ಜೀಪಿಗೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ. ಆದರೆ ಸಿಜೆ-3ಬಿಯ ಎತ್ತರದ ಬಾನೆಟ್ಟನ್ನು ತಗ್ಗಿಸಿ, ಹಸಿರು ಬಣ್ಣ ಬಳಿದು, ಬಿಳಿಯ ನಕ್ಷತ್ರ ಬರೆದುಬಿಟ್ಟರೆ ದೂರದಿಂದ ಅದೂ ಯುದ್ಧದ ಜೀಪಿನಂತೆಯೇ ಕಾಣುತ್ತದೆ. ಹರಿಯಾಣದ ಮಂಡಿ ಡಬ್ವಾಲಿಯಂತಹ ಊರುಗಳಲ್ಲಿ ತೆರೆದ ಜೀಪುಗಳನ್ನು ಕಟ್ಟಿಕೊಡುವುದೇ ಒಂದು ಉದ್ಯಮ. ಆ ಕಸುಬಿನಲ್ಲಿ ತಪ್ಪೇನೂ ಇಲ್ಲ. ಹಾಗೆ ಕಟ್ಟಿದ್ದನ್ನು 1943ರದೆಂದು ಮಾರುವುದು ಮಾತ್ರ ತಪ್ಪು. ಎಡಗೈ ಸ್ಟೀರಿಂಗ್ ಇದ್ದರೆ ಯುದ್ಧಕಾಲದ್ದೇ ಎಂಬ ನಂಬಿಕೆಯೂ ಆಧಾರವಿಲ್ಲದ್ದು. ಮಹೀಂದ್ರದ ಹಳೆಯ ಜೀಪುಗಳೂ ಎಡಗೈ ಚಾಲನೆಯವೇ ಆಗಿದ್ದವು.

ನೋಡಬೇಕಾದುದು ಚಾಸಿಯನ್ನು. ಮುಂಭಾಗದಲ್ಲಿ ರೇಡಿಯೇಟರಿನ ಕೆಳಗೆ ಚಾಸಿಯ ಎರಡು ಬದಿಗಳನ್ನು ಸೇರಿಸುವ ಅಡ್ಡಪಟ್ಟಿ ದುಂಡಗಿನ ಕೊಳವೆಯಾಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ದೋಣಿಯಂತಿದ್ದರೆ ಫೋರ್ಡ್. ಫೋರ್ಡ್ ತನ್ನ ಬಿಡಿಭಾಗಗಳ ಮೇಲೆ, ಬೋಲ್ಟುಗಳ ತಲೆಯ ಮೇಲೆ ಸಹ, ‘ಎಫ್’ ಅಕ್ಷರ ಒತ್ತುತ್ತಿತ್ತು. ಮುಖದ ಜಾಲರಿಯಲ್ಲಿ ಯುದ್ಧದ ಜೀಪಿಗೆ ಒಂಬತ್ತು ಸೀಳುಗಳು, ನಾಗರಿಕ ಮಾದರಿಗೆ ಏಳು. ವಿಲ್ಲಿಸ್‌ನ ತೀರ ಆರಂಭದ ತಂಡಗಳಲ್ಲಿ ಮಾತ್ರ ಪಟ್ಟಿಗಳನ್ನು ಬೆಸೆದ ಜಾಲರಿ ಇತ್ತು. ಆದರೆ ಜಾಲರಿಯನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಅಡ್ಡಪಟ್ಟಿಯನ್ನು ಬದಲಿಸಿದರೆ ಬೆಸುಗೆಯ ಗುರುತು ಉಳಿಯುತ್ತದೆ. ಸಾಕ್ಷ್ಯದ ತೂಕದಲ್ಲಿ ಈ ವ್ಯತ್ಯಾಸವನ್ನು ಲೆಕ್ಕಪರಿಶೋಧಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಂಖ್ಯೆಗಳ ವಿಷಯವೂ ಹೀಗೆಯೇ. ಫೋರ್ಡ್‌ನಲ್ಲಿ ಚಾಸಿ ಸಂಖ್ಯೆಯನ್ನು ಎಡಬದಿಯ ಉಕ್ಕಿನ ಮೇಲೆಯೇ ಒತ್ತಲಾಗಿದೆ. ಕಾರ್ಖಾನೆ ಬಿಟ್ಟಾಗ ಎಂಜಿನ್ ಮೇಲೂ ಅದೇ ಸಂಖ್ಯೆ ಇತ್ತು. ವಿಲ್ಲಿಸ್‌ನಲ್ಲಿ ಚಾಸಿ ಸಂಖ್ಯೆ ರಿವೆಟ್ ಹೊಡೆದ ಸಣ್ಣ ಫಲಕದ ಮೇಲಿದ್ದು, ಎಂಜಿನ್ ಸಂಖ್ಯೆ ಮೊದಲಿನಿಂದಲೂ ಬೇರೆ. ಆದ್ದರಿಂದ ಎರಡೂ ಸಂಖ್ಯೆ ತಾಳೆಯಾಗುತ್ತಿಲ್ಲವೆಂದು ವಿಲ್ಲಿಸ್ ಜೀಪನ್ನು ತಿರಸ್ಕರಿಸುವುದು ಅಜ್ಞಾನ, ತಾಳೆಯಾದರೇ ಸಂಶಯಿಸಬೇಕು. ಡ್ಯಾಶ್‌ಬೋರ್ಡಿನ ಫಲಕಗಳಿಗಂತೂ ಹೆಚ್ಚಿನ ಬೆಲೆ ಕೊಡಬೇಡಿ, ಅವುಗಳ ಪ್ರತಿಕೃತಿಗಳು ಸುಲಭವಾಗಿ ಸಿಗುತ್ತವೆ. ಫಿಲಿಪ್ಪೀನ್ಸ್‌ನಿಂದ ಇಡೀ ಬಾಡಿಯೇ ಹೊಸದಾಗಿ ದೊರೆಯುತ್ತದೆ. ಬಾಡಿಯ ಅಂದ ನೋಡಿ ಬೆಲೆ ಕಟ್ಟುವವರು ಇದನ್ನು ನೆನಪಿಡುವುದು ಒಳಿತು.

ಇನ್ನು ಕಾಗದಪತ್ರ. ಸೇನೆಯಿಂದ ವಿಲೇವಾರಿಯಾದ ಜೀಪಿನ ತಯಾರಿಕೆಯ ವರ್ಷ, ನಾಗರಿಕ ನೋಂದಣಿಯ ವರ್ಷ ಎರಡೂ ಬೇರೆ ಬೇರೆಯಾಗಿರುವುದು ಸಹಜ. ಆದರೆ ಆರ್.ಸಿ. ಪುಸ್ತಕದ ಚಾಸಿ ಸಂಖ್ಯೆ ಉಕ್ಕಿನ ಮೇಲಿನದಕ್ಕೆ ಅಕ್ಷರಶಃ ಸರಿಹೊಂದಲೇಬೇಕು. ತೋಟದಲ್ಲಿ ಡೀಸೆಲ್ ಎಂಜಿನ್ ಹಾಕಿಸಿ ಆರ್.ಸಿ.ಯಲ್ಲಿ ನಮೂದಿಸದೆ ಬಿಟ್ಟ ಪ್ರಸಂಗಗಳು ಅನೇಕ. ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಸ್ಪಷ್ಟಪಡಿಸಿದೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ ವಿಂಟೇಜ್ ನಿಯಮಗಳೂ 50 ವರ್ಷ ಮೀರಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ವಾಹನಕ್ಕೆ ಮಾತ್ರ ‘ವಿಎ’ ಸಂಖ್ಯೆ ಕೊಡುತ್ತವೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂತಹ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಉಪಯೋಗಕ್ಕೆ ರಸ್ತೆಗಿಳಿಸುವಂತಿಲ್ಲವಾದ್ದರಿಂದ, ಕಾಫಿ ಮೂಟೆ ಹೊರುವ ಜೀಪಿಗೆ ಈ ಗೌರವ ಲಾಭದಾಯಕವೇ ಎಂಬುದನ್ನು ಮೊದಲೇ ಯೋಚಿಸಬೇಕು.

ಮೌಲ್ಯ ನಿರ್ಣಯಕ್ಕೆ ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಅಣ್ಣತಮ್ಮಂದಿರಿಬ್ಬರ ಸಮಪಾಲಿನ ಸಂಸ್ಥೆ. ಪುಸ್ತಕ ಮೌಲ್ಯ 280 ರೂಪಾಯಿ. ಅಣ್ಣ ಸ್ವಂತ ಹಣದಿಂದ 11 ಲಕ್ಷ ವೆಚ್ಚ ಮಾಡಿ ಜೀರ್ಣೋದ್ಧಾರ ಮಾಡಿಸಿದ್ದಾನೆ. ಪರೀಕ್ಷಿಸಲಾಗಿ ಚಾಸಿ ನಿಜವಾದ ಫೋರ್ಡ್‌ನದು, ಸಂಖ್ಯೆ ಆರ್.ಸಿ.ಗೆ ಹೊಂದುತ್ತದೆ, ಎಂಜಿನ್ ನಂತರದ ಮಹೀಂದ್ರದ್ದು, ಬಾಡಿ ಹೊಸದು. ಇದೇ ಬಗೆಯ, ಎಲ್ಲವೂ ಮೂಲದ್ದೇ ಆದ ಜೀಪು ನಿಜವಾಗಿ ಮಾರಾಟವಾದದ್ದು 16 ಲಕ್ಷಕ್ಕೆ ಎಂದಿಟ್ಟುಕೊಳ್ಳೋಣ. ಮಾರಾಟವಾದ ಬೆಲೆ ಎಂದೆ, ಜಾಹೀರಾತಿನ ಬೆಲೆಯಲ್ಲ. ತಕ್ಕ ಎಂಜಿನ್ ಹುಡುಕಿ ಕೂಡಿಸಲು 3.5 ಲಕ್ಷ, ಮೂಲ ಬಾಡಿ ಇಲ್ಲದ ಕೊರತೆಗೆ 3 ಲಕ್ಷ, ದಾಖಲೆ ಸರಿಪಡಿಸುವ ವೆಚ್ಚ ಮತ್ತು ಅಪಾಯಕ್ಕೆ 1 ಲಕ್ಷ ಕಳೆದರೆ ಉಳಿಯುವುದು 8.5 ಲಕ್ಷ.

‘ಹಾಕಿದ ದುಡ್ಡಾದರೂ ಬರಬೇಡವೇ?’ ಎಂದು ಅಣ್ಣ ಕೇಳುವುದು ಖಚಿತ. ಬರಬೇಕಾಗಿಲ್ಲ. ಬಣ್ಣ, ಟಿಂಕರಿಂಗ್, ಸೀಟು, ಕೂಲಿಗಳಿಗೆ ಕೊಟ್ಟ ಹಣ ಆತನ ಸಂತೋಷದ ವೆಚ್ಚವೂ ಹೌದು. ಕೊಳ್ಳುವವನು ಅದನ್ನು ಭರಿಸುವ ಹೊಣೆ ಹೊತ್ತಿಲ್ಲ. ಹಾಗೆಂದು ತಮ್ಮನಿಗೆ 8.5 ಲಕ್ಷದ ಅರ್ಧವೂ ಸಲ್ಲುವುದಿಲ್ಲ. ಕೆಲಸಕ್ಕೆ ಮುನ್ನ ಆ ಚಾಸಿ ಮತ್ತು ದಾಖಲೆಗಳಿಗೆ 3 ಲಕ್ಷ ಬಾಳುತ್ತಿದ್ದರೆ, ಹೆಚ್ಚಳವಾದ 5.5 ಲಕ್ಷ ಅಣ್ಣನ ಬಂಡವಾಳ ಖಾತೆಗೆ ಜಮೆಯಾಗಿ, ಉಳಿದ 3 ಲಕ್ಷ ಇಬ್ಬರಿಗೂ ಸಮನಾಗಿ ಹಂಚಿಕೆಯಾಗಬೇಕು. ತಮ್ಮನ ಪಾಲು 1.5 ಲಕ್ಷ. ಪುಸ್ತಕವನ್ನೇ ನಂಬಿದ್ದರೆ ಆತನಿಗೆ ಸಿಗುತ್ತಿದ್ದುದು 140 ರೂಪಾಯಿ!

ತೆರಿಗೆಯ ಕುರಿತು ಎರಡು ಮಾತು. ವಿಭಜನೆಯಲ್ಲಿ ಜೀಪನ್ನೇ ಪಾಲುದಾರನಿಗೆ ಒಪ್ಪಿಸಿದರೆ, 2021ರ ಹಣಕಾಸು ಕಾಯಿದೆ ತಂದ ಬದಲಾವಣೆಯ ಪ್ರಕಾರ, ಸಂಸ್ಥೆಯು ಅದನ್ನು ಮಾರುಕಟ್ಟೆ ಮೌಲ್ಯಕ್ಕೆ ವರ್ಗಾಯಿಸಿದಂತೆ ಪರಿಗಣಿತವಾಗುತ್ತದೆ. ಜಿ.ಎಸ್.ಟಿ. ನೋಂದಣಿಯುಳ್ಳ ಸಂಸ್ಥೆ ಹೊರಗೆ ಮಾರಿದರೆ 2025ರ ಜನವರಿ 16ರಿಂದ ದರ ಶೇ. 18; ಸವಕಳಿ ಪಡೆದಿದ್ದಲ್ಲಿ ಅದು ಮಾರಾಟ ಬೆಲೆ ಮತ್ತು ಸವಕಳಿ ಕಳೆದುಳಿದ ಮೌಲ್ಯಗಳ ನಡುವಿನ ವ್ಯತ್ಯಾಸದ ಮೇಲೆ. 280 ರೂಪಾಯಿಯ ಜೀಪಿನಲ್ಲಿ ಹೆಚ್ಚುಕಡಿಮೆ ಪೂರ್ತಿ ಬೆಲೆಯೇ ವ್ಯತ್ಯಾಸವಾಗುತ್ತದೆ. ಸಂಸ್ಥೆಯ ಹಣದಿಂದಲೇ ಜೀರ್ಣೋದ್ಧಾರ ನಡೆದಿದ್ದರೆ ಆ ವೆಚ್ಚವನ್ನು ‘ರಿಪೇರಿ’ ಎಂದು ಬರೆದುಹಾಕುವ ಮುನ್ನ ಆಸ್ತಿಗೆ ಸೇರಿಸಬೇಕೇ ಎಂದು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ.

ಕೆಲಸ ಇನ್ನೂ ಆರಂಭಿಸದ ಸದಸ್ಯರು ಬಿಚ್ಚುವ ಮೊದಲೇ ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆಸಿಡಬೇಕು. ಮರಳು ಹೊಡೆಸಿ ಬಣ್ಣ ತೆಗೆಯುವ ಮುನ್ನ ಬಾನೆಟ್ಟಿನ ಬದಿಗಳನ್ನು ನಿಧಾನವಾಗಿ ಉಜ್ಜಿ ನೋಡಿದರೆ, ಸೇನೆ ಬರೆದ ಸಂಖ್ಯೆ ಕೆಳಗಿನ ಪದರದಲ್ಲಿ ಉಳಿದಿರಬಹುದು. ಕಳಚಿದ ಹಳೆಯ ಬಾಡಿ, ಬೋಲ್ಟುಗಳು, ಫಲಕಗಳನ್ನು ಗುಜರಿಗೆ ಹಾಕದೆ ಗೋದಾಮಿನ ಮೂಲೆಯಲ್ಲಿರಿಸಿ. ಮಾರುವಾಗ ಅವನ್ನೂ ಪಟ್ಟಿಯಲ್ಲಿ ಸೇರಿಸಿ ಕೊಡಿ.