ಹೊಳೆಯಂಚಿನ ಇಳುಕಲು ಕಾಡಿನಲ್ಲಿ ಮರಗಿಡಗಳ ಎಣಿಕೆ

ಮಲೆನಾಡಿನಲ್ಲಿ ಭದ್ರಾ ನದಿಯ ಆಸುಪಾಸಿನ ಇಳುಕಲುಗಳಲ್ಲಿ ಮತ್ತಿ, ಹೊನ್ನೆ, ನಂದಿ, ಬೀಟೆ ಮುಂತಾದ ಗಟ್ಟಿಮರಗಳು ಬಲಿತು ನಿಂತಿರುವ ಹಳೆಯ ಕಾಡುಗಳುಂಟು. ಇವುಗಳ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಉದುರಿದ ತರಗೆಲೆಯು ಮಳೆಯ ನೀರನ್ನು ನೆಲಕ್ಕೆ ಇಂಗಿಸುತ್ತದೆ. ಇಂತಹ ಕಾಡು ಕೆಟ್ಟರೆ ಅದರ ನಷ್ಟವು ಮೊದಲು ಕೆಳಗಿನ ಗದ್ದೆ ತೋಟಗಳಿಗೆ ತಟ್ಟುವುದು. ಆದಕಾರಣ ಕಾಡಿನ ಸ್ಥಿತಿಯನ್ನು ಕಣ್ಣಂದಾಜಿಗೆ ಬಿಡದೆ ಅಳತೆಯಿಂದಲೇ ತಿಳಿಯುವುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಹಿತಕರವು.

ಸರ್ಕಾರಿ ಕಾಡಾದರೆ ಮೊದಲು ಅರಣ್ಯ ಇಲಾಖೆಯ ಅನುಮತಿಯನ್ನು ಪಡೆಯತಕ್ಕದ್ದು. ಮಳೆಗಾಲ ಮುಗಿದು, ಮರಗಳಲ್ಲಿ ಎಲೆಯಿರುವಾಗಲೇ ಈ ಕೆಲಸವನ್ನು ಮಾಡಿದರೆ ಜಾತಿಗಳನ್ನು ಗುರುತಿಸುವುದು ಸುಲಭ. ನೀರಿನ ಅಂಚಿನಿಂದ ಗುಡ್ಡದ ನೆತ್ತಿಯವರೆಗೆ ನೇರವಾದ ಗೆರೆಯನ್ನು ಹಿಡಿದು, ಅದರ ಮೇಲೆ ಸಮದೂರಗಳಲ್ಲಿ 20 ಮೀಟರು ಉದ್ದ, 20 ಮೀಟರು ಅಗಲದ ಚೌಕಗಳನ್ನು ಗುರುತಿಸಬೇಕು. ಮರ ದಟ್ಟವಾಗಿರುವ ಕಡೆಯನ್ನೇ ಆರಿಸಿಕೊಳ್ಳಕೂಡದು. ಅಳತೆಯ ಪಟ್ಟಿಯನ್ನು ನೆಲಕ್ಕೆ ಒರಗಿಸದೆ ಮಟ್ಟವಾಗಿ ಹಿಡಿದು, ಅದರ ತುದಿಯಿಂದ ಕಲ್ಲು ಕಟ್ಟಿದ ದಾರವನ್ನು ಇಳಿಬಿಟ್ಟು ನೆಲದ ಗುರುತನ್ನು ಪಡೆಯಬೇಕು. ಇಳುಕಲಿನ ಮೇಲೆಯೇ ಅಳೆದರೆ ಚೌಕವು ಕಿರಿದಾಗಿ ಲೆಕ್ಕವು ತಪ್ಪುವುದು.

ಪ್ರತಿ ಮರದ ಸುತ್ತಳತೆಯನ್ನು, ಅದರ ಮೇಲುಮಗ್ಗುಲಿನ ನೆಲದಿಂದ 1.37 ಮೀಟರು ಎತ್ತರದಲ್ಲಿ ಅಳೆಯತಕ್ಕದ್ದು. ಅಲ್ಲಿ ಬುಡವು ಹಲಗೆಯಂತೆ ಚಾಚಿದ್ದರೆ ಅದರ ಮೇಲೆ ಅಳೆಯಬೇಕು. 30 ಸೆಂಟಿಮೀಟರಿಗೆ ಕಡಿಮೆಯಾದ ಎಳೆಮರಗಳನ್ನೂ ಪೊದೆಗಳನ್ನೂ ಒಳಗಿನ 5 ಮೀಟರಿನ ಚೌಕದಲ್ಲಿಯೂ, ಸಸಿ ಹುಲ್ಲುಗಳನ್ನು 1 ಮೀಟರಿನ ಚೌಕದಲ್ಲಿಯೂ ಎಣಿಸಿದರೆ ಸಾಕು.

ಲೆಕ್ಕವು ಸುಲಭ. ಐದು ದೊಡ್ಡ ಚೌಕಗಳೆಂದರೆ 2000 ಚದರ ಮೀಟರು, ಅಂದರೆ ಹೆಕ್ಟೇರಿನ ಐದನೆಯ ಒಂದು ಭಾಗ. ಅವುಗಳಲ್ಲಿ 16 ಹೊನ್ನೆಮರಗಳು ದೊರೆತರೆ ಹೆಕ್ಟೇರಿಗೆ 80 ಎಂದಾಯಿತು.

ಇಲ್ಲಿ ಮುಖ್ಯವಾಗಿ ನೋಡತಕ್ಕದ್ದು ಹೆಮ್ಮರಗಳ ಸಂಖ್ಯೆಯನ್ನಲ್ಲ, ಅವುಗಳ ಸಂತಾನವನ್ನು. ಮೇಲೆ ಹೊನ್ನೆ ಬೀಟೆಗಳು ತುಂಬಿದ್ದು ಕೆಳಗೆ ಅವುಗಳ ಸಸಿಯೇ ಇಲ್ಲದಿದ್ದರೆ, ಆ ಕಾಡು ಮುದುಕರು ತುಂಬಿ ಮಕ್ಕಳಿಲ್ಲದ ಮನೆಯಂತೆ. ದನಗಳ ಮೇವು, ಬೇಸಗೆಯ ಬೆಂಕಿ, ಲಂಟಾನದ ಪೊದೆ ಇವು ಸಾಮಾನ್ಯ ಕಾರಣಗಳು. ದಟ್ಟ ನೆರಳೂ ಕೆಲವು ಜಾತಿಗಳಿಗೆ ಅಡ್ಡಿ. ಒಂದೇ ಎಣಿಕೆಯಿಂದ ಕಾರಣವನ್ನು ನಿಶ್ಚಯಿಸಲಾಗದು. ಚೌಕಗಳ ಮೂಲೆಗಳಿಗೆ ಕಲ್ಲು ನೆಟ್ಟು, ಐದು ವರ್ಷಗಳ ಮೇಲೆ ಅಲ್ಲಿಯೇ ಪುನಃ ಎಣಿಸತಕ್ಕದ್ದು.

2002ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯ ಮೇರೆಗೆ ಸ್ಥಳೀಯ ಸಮಿತಿಗಳು ಇರಿಸುವ ದಾಖಲೆ ಪುಸ್ತಕಕ್ಕೂ ಈ ಎಣಿಕೆಯು ಒದಗುವುದು. ಸಸಿಗಳ ಕೊರತೆಯು ಇಂದು ತಿಳಿದರೆ ಬೇಲಿಯಿಂದಲೂ ಬೆಂಕಿಯ ಕಾವಲಿನಿಂದಲೂ ಪರಿಹಾರವುಂಟು. ಹೆಮ್ಮರಗಳು ಉರುಳಿದ ಮೇಲೆ ತಿಳಿದರೆ ಮಣ್ಣು ಹೊಳೆಯ ಪಾಲಾಗಿರುವುದು.